ಎರೆಮಣ್ಣಿನಲ್ಲಿ ಒಂದು ನೀಲಿ ಕೊಳ

ಹಿತ್ತಲ ಬಾಗಿಲು ತೆಗೆದಾಗ ನಮ್ಮ ಈಜುಕೊಳದಲ್ಲಿ ಎಮ್ಮೆ ಮಲಗಿತ್ತು.

ನಮಗೊಂದು ಈಜುಕೊಳ ಇದೆ ಎಂದು ನನಗೆ ಗೊತ್ತಾಗಿದ್ದೂ ಆಗಲೇ. ಸಿಂಧನೂರಿನಲ್ಲಿ ಮನೆ ಕೊಂಡಿದ್ದೇನೆ, ಹಿಂದೆ ಸ್ವಲ್ಪ ಜಾಗವೂ ಇದೆ ಎಂದಷ್ಟೇ ಇವರು ಹೇಳಿದ್ದರು. ಕುಂದಾಪುರದಿಂದ ಹೊರಟು ಬಸ್ಸು ಬದಲಿಸಿ ಬದಲಿಸಿ ಬಂದಿದ್ದೆ. ಲಿಂಗಸುಗೂರು ಬಿಟ್ಟ ಮೇಲೆ ಮಸ್ಕಿಯವರೆಗೂ ಕಿಟಕಿಯಾಚೆ ಬರೀ ಬಂಡೆ, ಕುರಿ, ಕೊಯ್ಲಾದ ಜೋಳದ ಹೊಲ. ಇಲ್ಲಿ ಅಕ್ಕಿ ಗಿರಣಿ ನಡೆಸುತ್ತೇನೆ ಎನ್ನುವ ಈ ಮನುಷ್ಯನಿಗೆ ತಲೆ ಕೆಟ್ಟಿದೆಯೇ ಎಂದುಕೊಳ್ಳುವಷ್ಟರಲ್ಲಿ ಕಾಲುವೆ ಬಂತು. ಅಲ್ಲಿಂದ ಮುಂದೆ ಬಯಲಿನ ತುದಿಯವರೆಗೆ ಗದ್ದೆ. ನಮ್ಮ ಕಡೆಯ ಗದ್ದೆಗಳು ಗುಡ್ಡದ ಸಂದಿಯಲ್ಲಿ ತುಂಡು ತುಂಡಾಗಿರುತ್ತವೆ. ಇಲ್ಲಿ ಯಾರೋ ಹಸಿರು ಕಂಬಳಿ ಹಾಸಿ ಮಡಚಲು ಮರೆತಂತಿತ್ತು.

ಎಮ್ಮೆಯ ಹಿಂದೆಯೇ ಅದರ ಒಡತಿ ಬಂದಳು. ಪಕ್ಕದ ಮಾಳಿಗೆ ಮನೆಯ ಮಲ್ಲಮ್ಮ. ನಾವು ಹಂಚಿನ ಮನೆಯವರಿಗೆ ಮಾಳಿಗೆ ಎಂದರೆ ಗೊತ್ತಿರುವುದಿಲ್ಲ: ಮಣ್ಣು ಮೆತ್ತಿದ ಚಪ್ಪಟೆ ಸೂರು. ಬೇಸಗೆಯಲ್ಲಿ ಅದರ ಮೇಲೆಯೇ ಮೆಣಸಿನಕಾಯಿ ಒಣಗುತ್ತದೆ, ಹಾಸಿಗೆ ಬೀಳುತ್ತದೆ, ಮಾತು ನಡೆಯುತ್ತದೆ.

“ನಿಮ್ಮ ಹೊಂಡದಾಗ ನಮ್ಮೆಮ್ಮಿ ಮಕ್ಕೊಂಡೈತ್ರೀ ಅಕ್ಕಾರ, ಬೈಬ್ಯಾಡ್ರಿ” ಎಂದಳು. “ಮದ್ಲಿನ ಸಾವ್ಕಾರು ಊರು ಬಿಟ್ಟ್ ಹೋದಾಗಿಂದ ಅದಕ ಇದ ಮನಿ ಆಗೈತಿ.”

ನಾನು ಅರ್ಥವಾದಂತೆ ತಲೆಯಾಡಿಸಿದೆ. ಕನ್ನಡ ಮಾತಾಡುವ ಊರಿಗೇ ಬಂದಿದ್ದೇನೆ, ಭಾಷೆಯ ತೊಂದರೆಯಿಲ್ಲ ಎಂದು ಊರಲ್ಲಿ ಎಲ್ಲರಿಗೂ ಹೇಳಿಬಂದಿದ್ದೆ. ಮಕ್ಕೊಳ್ಳುವುದೆಂದರೆ ಮಲಗುವುದು ಎಂದು ತಿಳಿಯಲು ಎಮ್ಮೆಯನ್ನೇ ನೋಡಬೇಕಾಯಿತು.

ಕೊಳ ಕಟ್ಟಿಸಿದ್ದು ಆಂಧ್ರದಿಂದ ಬಂದು ಕಾಲುವೆ ಕೆಲಸದಲ್ಲಿ ದೊಡ್ಡವರಾದ ಒಬ್ಬ ಕಂತ್ರಾಟುದಾರರು. ಅವರು ಊರಿಗೆ ಮರಳುವಾಗ ಇವರು ಆ ಮನೆ ತೆಗೆದುಕೊಂಡರು. ಇವರು ಮೊದಲು ಕುಚ್ಚಲಕ್ಕಿ ಗಿರಣಿಯ ಬಾಯ್ಲರ್ ಕೂರಿಸಲೆಂದು ಇಲ್ಲಿಗೆ ಬಂದವರು. ಒಂದೊಂದೇ ಮೆಟ್ಟಿಲೇರಿ ಗಿರಣಿಯ ಪಾಲುದಾರರಾಗಿದ್ದರು. ಕೊಳದ ಬಗ್ಗೆ ಕೇಳಿದಾಗ ನಕ್ಕು, “ನೀನು ಹೊಳೆಯಲ್ಲಿ ಬೆಳೆದವಳಲ್ಲ, ನಿನಗೇ ಇರಲಿ” ಅಂದರು.

ಆ ಮಾತು ನನಗೆ ಹಿಡಿಸಿತು. ಮೊದಲ ತಿಂಗಳುಗಳಲ್ಲಿ ಈ ಊರಿನಲ್ಲಿ ನನ್ನದು ಎನ್ನುವಂಥದ್ದು ಬೇರೆ ಏನೂ ಇರಲಿಲ್ಲ. ಬಿಸಿಲು ಗೋಡೆಯ ಒಳಗೂ ಬರುತ್ತಿತ್ತು. ಕುಡಿಯುವ ನೀರಿಗೆ ಮಣ್ಣಿನ ರುಚಿ. ಜೋಳದ ರೊಟ್ಟಿ ನನ್ನ ಕೈಯಲ್ಲಿ ಹಪ್ಪಳದಂತೆ ಒಡೆಯುತ್ತಿತ್ತು. ಇವರು ಬೆಳಗ್ಗೆ ಗಿರಣಿಗೆ ಹೋದರೆ ಸಂಜೆ ತೌಡಿನ ವಾಸನೆಯೊಂದಿಗೆ ಬರುತ್ತಿದ್ದರು. ಆ ನಡುವಿನ ಹೊತ್ತಿನಲ್ಲಿ ಮಲ್ಲಮ್ಮ ಗೋಡೆಯಾಚೆಯಿಂದ ಮಜ್ಜಿಗೆ ಕೊಡುವಾಗ ಆಡುವ ಮಾತು ಬಿಟ್ಟರೆ ನನಗೆ ಮಾತಿರಲಿಲ್ಲ. ಅವಳ ತವರು ಲಿಂಗಸುಗೂರು ಕಡೆಯ ಗುರುಗುಂಟಾ. ಅವಳೂ ಒಣಭೂಮಿಯಿಂದ ಈ ಕಾಲುವೆ ಸೀಮೆಗೆ ಬಂದವಳೇ. “ನಾನೂ ಹೊರಗಿನಾಕೀನ್ರೀ” ಎಂದು ಒಮ್ಮೆ ಅಂದಿದ್ದಳು. ಅದನ್ನು ನಾನು ಔಪಚಾರಿಕ ಮಾತು ಎಂದುಕೊಂಡಿದ್ದೆ.

ಮೀನಿನ ಆಸೆ ತೀರಿದ್ದು ವಾರದ ಸಂತೆಯಲ್ಲಿ. ಆರ್.ಎಚ್. ಕ್ಯಾಂಪಿನ ಬಂಗಾಲಿ ಹೆಂಗಸೊಬ್ಬಳು ಕೆರೆಮೀನು ಮಾರುತ್ತಿದ್ದಳು. ಹೆಸರು ಬಿಮಲಾ. ನಿರಾಶ್ರಿತರಾಗಿ ಬಂದವರಿಗೆ ಸರಕಾರ ಇಲ್ಲಿ ಭೂಮಿ ಕೊಟ್ಟು ನೆಲೆಗೊಳಿಸಿದ ಊರು ಅದು. ಸಮುದ್ರದ ಮೀನು ತಿಂದವರಿಗೆ ಕೆರೆಮೀನು ಕೆಸರು ಕೆಸರು. ಆದರೂ ಹುಣಸೆ ಹುಳಿ ಹೆಚ್ಚು ಹಾಕಿ ಸಾರು ಮಾಡಿ ತಿಂದೆ, ಕಣ್ಣೀರು ಬಂತು. ಬಿಮಲಾ ಈ ಊರಿನ ಕನ್ನಡವನ್ನು ನನಗಿಂತ ಚೆನ್ನಾಗಿ ಆಡುತ್ತಿದ್ದಳು. ನಾನು “ಎಷ್ಟಾಯಿತು?” ಎಂದು ಕೇಳಿದರೆ, “ನೀವು ಪುಸ್ತಕದಂಗ ಮಾತಾಡ್ತೀರಿ ನೋಡ್ರಿ” ಎಂದು ನಗುತ್ತಿದ್ದಳು.

ಕೊಳ ಸರಿಮಾಡುವ ಕೆಲಸ ಹಿಡಿದೆ. ನನ್ನ ಅಣ್ಣ ಮಂಗಳೂರಿನ ಹೋಟೆಲೊಂದರಲ್ಲಿ ಈಜುಕೊಳ ನೋಡಿಕೊಳ್ಳುತ್ತಿದ್ದ. ಎಸ್‌.ಟಿ.ಡಿ. ಬೂತಿನಿಂದ ಅವನಿಗೆ ಫೋನು ಮಾಡಿ ಕೇಳುವುದು, ಮನೆಗೆ ಬಂದು ಮಾಡುವುದು. ಲೈನು ಯಾವಾಗಲೂ ದೂರ, ಇಬ್ಬರೂ ಕೂಗಬೇಕು.

“ಮೊದ್ಲ್ ಪಟಿಕ ಹಾಕ್! ಮಣ್ಣೆಲ್ಲ ಅಡಿಗ್ ಕೂತ್‌ಕಣ್ಲಿ! ಮದ್ದ್ ಆಮೇಲೆ, ಸಂಜಿಗ್ ಹಾಕ್! ಬಿಸ್ಲಿಗ್ ಹಾಕ್ರೆ ಎಲ್ಲ ಹಾರಿ ಹೋತ್ತ್ ಮಾರಾಯ್ತಿ!”

“ಸಂಜೆಗೇ ಮದ್ದು ಹಾಕ್ತೇನೆ!” ಎಂದು ನಾನೂ ಕೂಗುತ್ತಿದ್ದೆ. ನನ್ನ ಕೂಗಾಟ ಕೇಳಿ ಬೂತಿನವನು ಕನಿಕರದಿಂದ, “ಮನ್ಯಾಗ ಯಾರಿಗರ ಆರಾಮಿಲ್ಲೇನ್ರೀ ಅಕ್ಕಾರ?” ಎಂದು ಕೇಳಿದ್ದ.

ಹಾಗೆ ಕಲಿತೆ. ಕಾಲುವೆಯ ನೀರು ಗಿರಣಿಯ ಕೊಳವೆಯಿಂದ ನಮ್ಮ ಕೊಳಕ್ಕೆ ಬರುವಾಗ ಚಹಾದ ಬಣ್ಣ. ಪಟಿಕ ಕರಗಿಸಿ ಹಾಕಿದರೆ ಎರಡು ದಿನಕ್ಕೆ ಮಣ್ಣು ಇಳಿಯುತ್ತದೆ; ಅದನ್ನು ಕದಡದಂತೆ ಅಡಿಯಿಂದ ಎಳೆದು ತೆಗೆಯಬೇಕು. ಬ್ಲೀಚಿಂಗ್ ಪುಡಿಯನ್ನು ನೇರ ಎರಚಬಾರದು. ಬಕೆಟ್ಟಿನಲ್ಲಿ ನೆನೆಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿಯನ್ನು ಮಾತ್ರ ಹಾಕಬೇಕು. ಎಲೆ, ಹುಳು ದಿನವೂ ಬಲೆಯಿಂದ ತೆಗೆಯಬೇಕು. ಗೋಡೆಯನ್ನು ಮುಟ್ಟಿದಾಗ ಜಾರಿದರೆ ಪಾಚಿ ಶುರುವಾಗಿದೆ ಎಂದರ್ಥ; ಕಣ್ಣಿಗೆ ಕಾಣುವವರೆಗೆ ಕಾಯಬಾರದು. ಶೋಧಿಸುವ ಮರಳಿನ ಡ್ರಮ್ಮಿಗೆ ಆಗಾಗ ನೀರನ್ನು ಹಿಮ್ಮುಖವಾಗಿ ಹಾಯಿಸಿ ಕೊಳೆ ಹೊರಗೆ ಬಿಡಬೇಕು. ಕರೆಂಟು ಹೋಗಿ ಮೋಟರು ನಿಂತರೆ, ಈ ಊರಿನ ಬಿಸಿಲಿಗೆ ನೀರು ನೋಡನೋಡುತ್ತ ಹಸಿರಾಗುತ್ತದೆ. ಅಣ್ಣ ಎಲ್ಲಕ್ಕಿಂತ ಒತ್ತಿ ಹೇಳಿದ್ದು ಒಂದೇ ಮಾತು: ನಿಮ್ಮದು ಕಪ್ಪು ಎರೆಮಣ್ಣು, ಬೇಸಗೆಯಲ್ಲಿ ಬಿರಿಯುತ್ತದೆ, ಕೊಳ ಖಾಲಿ ಬಿಡಬೇಡ, ಒಳಗಿನ ನೀರಿನ ಭಾರವೇ ಗೋಡೆಯನ್ನು ನಿಲ್ಲಿಸಿಕೊಂಡಿರುತ್ತದೆ.

ನೀರು ತಿಳಿಯಾಗಿ ಅಡಿಗೆ ಹಾಸಿದ ನೀಲಿ ಬಿಲ್ಲೆಗಳು ಕಂಡ ದಿನ, ಬೆಳಕು ಹರಿಯುವಾಗ ನಾನು ಒಬ್ಬಳೇ ಇಳಿದೆ. ಮೂಗಿಗೆ ಹೊಳೆಯ ವಾಸನೆಯಿರಲಿಲ್ಲ, ಕಾಲಿಗೆ ಮರಳು ಸಿಗಲಿಲ್ಲ. ಆದರೂ ಕಿವಿ ಮುಳುಗಿದಾಗ ಕೇಳುವ ಆ ಮೌನ ನಮ್ಮೂರು ಬಸ್ರೂರಿನ ಹೊಳೆಯದೇ. ಊರು ಬಿಟ್ಟ ಮೇಲೆ ಮೊದಲ ಬಾರಿಗೆ ನನ್ನ ಮೈ ನನಗೆ ಸಿಕ್ಕಿತು.

ಮಧ್ಯಾಹ್ನ ಮಲ್ಲಮ್ಮ ಮಜ್ಜಿಗೆ ಕೊಡುತ್ತ, “ಅಕ್ಕಾರು ಚಲೋ ಈಸ್ತೀರಿ” ಎಂದಳು. ಈಸುವುದೆಂದರೆ ಈಜುವುದು. ಮಾಳಿಗೆಯ ಮೇಲಿಂದ ಅವಳು ನೋಡಿದ್ದಳು. ನನಗೆ ನಾಚಿಕೆಯಾಯಿತು. ಹೆಂಗಸು ಹೀಗೆ ನೀರಿಗಿಳಿದದ್ದನ್ನು ಕಂಡರಲ್ಲ ಎನ್ನುವ ಸಣ್ಣ ನಾಚಿಕೆ ಅದು. ಗೋಡೆಯ ಮೇಲೆ ಇನ್ನೊಂದು ಸಾಲು ಇಟ್ಟಿಗೆ ಏರಿಸಲು ಇವರಿಗೆ ಹೇಳಿದೆ. ನಾಚಿಕೆಪಡಬೇಕಾದ್ದು ಯಾವುದಕ್ಕೆ ಎಂದು ನನಗಿನ್ನೂ ಗೊತ್ತಿರಲಿಲ್ಲ.

ಬೇಸಗೆಗೆ ಕಾಲುವೆ ಬಂದ್ ಆಯಿತು. ಇಲ್ಲಿ ಹಾಗೇ ಹೇಳುತ್ತಾರೆ, ಅಂಗಡಿ ಬಂದ್ ಆದಂತೆ. ನಮ್ಮ ಹೊಳೆಯನ್ನು ಯಾರೂ ಬಂದ್ ಮಾಡಿದ್ದು ನಾನು ಕೇಳಿರಲಿಲ್ಲ. ಕಾಲುವೆ ನಿಂತರೆ ಸಿಂಧನೂರೂ ಮಸ್ಕಿಯಂತೆಯೇ. ಹಸಿರು ಹೋಗಿ ಬಿರಿದ ಕಪ್ಪು ನೆಲ ಉಳಿಯಿತು. ನಲ್ಲಿಯಲ್ಲಿ ನೀರು ಬಂದರೆ ಬಂತು. ನಮ್ಮ ಬೀದಿಯ ಬೋರಿನ ನೀರು ಬಾಯಿಗಿಡಲಾಗದಷ್ಟು ಉಪ್ಪು. ಹೆಂಗಸರು ಕೊಡ ಹೊತ್ತು ಊರಾಚೆಯ ಬಾವಿಗೆ ಹೋಗುವುದು ನನ್ನ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ನಮ್ಮ ಮನೆಬಳಕೆಗೆ ಗಿರಣಿಯಿಂದ ಟ್ಯಾಂಕರು ಬರುತ್ತಿತ್ತು. ಹಿತ್ತಲಲ್ಲಿ ಕೊಳ ತುಂಬಿ ನಿಂತಿತ್ತು.

ಆ ದಿನಗಳಲ್ಲೇ ಮಲ್ಲಮ್ಮನ ಮಗಳು ರೇಣುಕಾ ಚೊಚ್ಚಲ ಹೆರಿಗೆಗೆ ಮಸ್ಕಿಯಿಂದ ಬಂದಿದ್ದಳು. ಗಂಡುಮಗು ಆಯಿತು. ಅದೇ ವಾರ ಇವರ ಗಿರಣಿ ನೋಡಲು ಹೈದರಾಬಾದಿನ ಅಕ್ಕಿ ವರ್ತಕರು ಬರುವವರಿದ್ದರು. ಕೊಳದ ಸುದ್ದಿ ಕೇಳಿ, ಈಜಬೇಕು ಎಂದಿದ್ದರಂತೆ. ನೀರು ತುಸು ಮಂಕಾಗಿತ್ತು. ಸಂಜೆ ನಾನು ಎಂದಿನದಕ್ಕಿಂತ ಹೆಚ್ಚು ಬ್ಲೀಚಿಂಗ್ ತಿಳಿ ಹಾಕಿ ಬಕೆಟ್ಟು ತೊಳೆಯುತ್ತಿದ್ದೆ. ಮಲ್ಲಮ್ಮ ಎರಡು ಕೊಡ ಹಿಡಿದು ಹಿತ್ತಲ ಬಾಗಿಲಿಗೆ ಬಂದಳು. ಅವಳು ಅಲ್ಲಿಯವರೆಗೆ ಏನೂ ಕೇಳಿದವಳಲ್ಲ.

“ಅಕ್ಕಾರ, ಬಾಣಂತಿಗೆ ಎರಿಯಾಕ ನೀರಿಲ್ರೀ. ಬಾಯಾಗ ಹಾಕಂಗಿಲ್ಲ, ಬರೇ ಮೈಗೆ. ಎರಡು ಕೊಡ ತುಂಬ್ಕೊಳ್ಲೇನ್ರೀ?”

ಎಳೆ ಮಗುವಿನ ಚರ್ಮ, ಈಗಷ್ಟೇ ಹಾಕಿದ ಬ್ಲೀಚಿಂಗು. ನನಗೆ ಭಯವಾಯಿತು. “ಬೇಡ, ಬೇಡ ಮಲ್ಲಮ್ಮ, ಮುಟ್ಟಬೇಡ! ನೀರಿಗೆ ಮದ್ದು ಹಾಕಿದ್ದೇನೆ” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಮದ್ದು ಹಾಕೀರಿ?”

“ಹೌದು, ಈಗಷ್ಟೇ.”

ಕೊಡ ಎತ್ತಿಕೊಂಡು ಹೋದಳು. ಮನೆಯ ಟ್ಯಾಂಕಿನಲ್ಲಿ ಎರಡು ಕೊಡದಷ್ಟು ನೀರಿತ್ತು. ಅದನ್ನು ಕೊಡಬಹುದಿತ್ತು ಎಂದು ಹೊಳೆಯುವಷ್ಟರಲ್ಲಿ ಅವಳು ತನ್ನ ಮನೆ ಹೊಕ್ಕಿದ್ದಳು. ಕೂಗಿ ಕರೆಯಲು ಸಂಕೋಚವಾಯಿತು. ನಾಳೆ ಕೊಟ್ಟರಾಯಿತು ಎಂದುಕೊಂಡೆ.

ಮರುದಿನ ಮಜ್ಜಿಗೆ ಬರಲಿಲ್ಲ. ಮನೆಗೆಲಸದವಳು ಬರಲಿಲ್ಲ. ಅಂಗಡಿಯ ಕಟ್ಟೆಯಲ್ಲಿ ಕೂತ ಹೆಂಗಸರು ನಾನು ಹತ್ತಿರ ಹೋದಾಗ ಮಾತು ನಿಲ್ಲಿಸಿದರು. ವರ್ತಕರು ಬಂದರು, ಈಜಿದರು, ನೀರನ್ನು ಹೊಗಳಿದರು. ಅವರ ನಗು, ನೀರಿಗೆ ಹಾರುವ ಸದ್ದು ಎಲ್ಲ ಮಾಳಿಗೆಗಳಿಗೂ ಕೇಳಿಸಿರಬೇಕು. ನಾನು ಅಡುಗೆಮನೆಯಲ್ಲಿ ನೀರುದೋಸೆ ಹುಯ್ಯುತ್ತಿದ್ದೆ. ಏನೋ ತಪ್ಪಿದೆ ಎಂದು ಗೊತ್ತು, ಏನೆಂದು ಗೊತ್ತಿಲ್ಲ.

ತಿಳಿಸಿದ್ದು ಬಿಮಲಾ. ಸಂತೆಯಲ್ಲಿ ಮೀನು ಹೆಚ್ಚುತ್ತಿದ್ದವಳು ಕತ್ತಿ ಪಕ್ಕಕ್ಕಿಟ್ಟು, ಸುತ್ತ ನೋಡಿ ದನಿ ತಗ್ಗಿಸಿದಳು.

“ಅಕ್ಕಾ, ನೀರು ಯಾರೂ ಒಯ್ಯಬಾರ್ದು ಅಂತ ನೀವು ಅದ್ರಾಗ ಮದ್ದು ಹಾಕೀರಂತ, ಹೌದೇನ್ರೀ?”

“ಹೌದಲ್ಲ, ಮದ್ದು ಹಾಕಿದ್ದೆ. ನೀರು ಶುದ್ಧ ಆಗಲಿಕ್ಕೆ.”

ಬಿಮಲಾ ಹಣೆ ಚಚ್ಚಿಕೊಂಡಳು. “ಅಯ್ಯೋ ಅಕ್ಕಾ! ಇಲ್ಲಿ ಬ್ಯಾನಿಗೆ ಕೊಡೋದಕ್ಕ ಔಷಧ ಅಂತಾರ. ಮದ್ದು ಅಂದ್ರ ಅನ್ನದಾಗ ಕಲಸಿ ಹಾಕ್ತಾರಲ್ಲ, ಮಂದಿ ಕೊರಗಿ ಕೊರಗಿ ಸಾಯಾಕ, ಅದು! ಬಾಣಂತಿಗೆ ನೀರು ಕೇಳಿದ್ರ ನೀವು ಮದ್ದು ಹಾಕೀನಿ ಅಂದ್ರಿ.”

ಸಂತೆಯ ಗದ್ದಲ ಒಮ್ಮೆ ದೂರ ಹೋಗಿ ಮತ್ತೆ ಬಂತು. ನಮ್ಮ ಕಡೆ ಕೆಮ್ಮಿಗೂ ಮದ್ದು, ಹುಣ್ಣಿಗೂ ಮದ್ದು. ಅಮ್ಮ ಪ್ರೀತಿಯಿಂದ ಅರೆದು ಬಾಯಿಗಿಡುವುದೂ ಮದ್ದೇ. ಕೈಮದ್ದಿನ ಮಾತು ನಾನೂ ಕೇಳಿದವಳೇ, ಆದರೆ ಆ ಸಂಜೆ ಅದು ನೆನಪಿಗೆ ಬರಲಿಲ್ಲ. ಕನ್ನಡ ನಾಡಿನಲ್ಲೇ ಹುಟ್ಟಿದ ನನಗೆ ನನ್ನ ಮಾತಿನ ಅರ್ಥವನ್ನು ಬಂಗಾಲದ ಹೆಂಗಸು ಬಿಡಿಸಿ ಹೇಳಬೇಕಾಯಿತು. ಮೀನು ತೆಗೆದುಕೊಳ್ಳುವುದನ್ನೂ ಮರೆತು ಮನೆಗೆ ಬಂದೆ.

ಇವರಿಗೆ ಹೇಳಿದೆ. “ತಪ್ಪು ತಿಳುವಳಿಕೆ ಅಷ್ಟೇ, ಒಂದು ಮಾತು ಹೇಳಿದರೆ ಸರಿಹೋಗುತ್ತದೆ” ಎಂದರು. ನಾನೂ ಹಾಗೇ ನಂಬಿದೆ. ಬ್ಲೀಚಿಂಗ್ ನಿಲ್ಲಿಸಿದೆ. ಬಿಸಿಲು ಅದನ್ನು ಹಾರಿಸುವವರೆಗೆ ಕಾದು, ಅದು ಉಳಿದಿದೆಯೇ ಎಂದು ತೋರಿಸುವ ಪರೀಕ್ಷೆಯ ಹನಿ ಹಾಕಿ ನೀರಿಗೆ ಬಣ್ಣ ಬರುವುದಿಲ್ಲ ಎಂದು ಖಚಿತವಾದ ಮೇಲೆ ಅದೇ ನೀರಿನಲ್ಲಿ ನಾನು ತಲೆಗೆ ಸ್ನಾನ ಮಾಡಿದೆ. ಆಮೇಲೆ ಒಂದು ಕೊಡ ತುಂಬಿ ಮಲ್ಲಮ್ಮನ ಮನೆಗೆ ಹೊತ್ತುಕೊಂಡು ಹೋದೆ. ಸೊಂಟದಲ್ಲಿ ಕೊಡ ಹೊತ್ತು ಎಷ್ಟೋ ಕಾಲವಾಗಿತ್ತು. ಅರ್ಧ ನೀರು ಸೀರೆಗೆ ಚೆಲ್ಲಿತು. ಬೀದಿ ನೋಡುತ್ತಿತ್ತು.

ರೇಣುಕಾ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದಳು. ನಾನು ಬಾಗಿಲಲ್ಲೇ ನಿಂತು, ಕಲಿತುಕೊಂಡು ಬಂದಿದ್ದನ್ನು ಒಪ್ಪಿಸಿದೆ: ಅದು ಔಷಧ, ನಮ್ಮ ಕಡೆ ಔಷಧಕ್ಕೇ ಮದ್ದು ಅನ್ನುತ್ತೇವೆ, ಮಗುವಿಗೆ ತೊಂದರೆಯಾದೀತೆಂದು ಬೇಡ ಎಂದೆ, ಬೇರೆ ಉದ್ದೇಶವಿರಲಿಲ್ಲ.

ಮಲ್ಲಮ್ಮ ಪೂರ್ತಿ ಕೇಳಿದಳು. “ಬಿಮಲಾ ಹೇಳ್ಯಾಳ್ರೀ. ತಿಳೀತು” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಔಷಧಾನ ಅಂತ ಇಟ್ಕೊಳ್ರಿ. ಅಷ್ಟು ನೀರಿಗೆ ಏನು ಬ್ಯಾನಿ ಬಂದಿತ್ರೀ ಅಕ್ಕಾರ? ಮಂದಿ ಈಸಾಡಾಕ ಅಂತ ಹಾಕಿದ್ರಿ. ನಮ್ಮ ಮಾಳಿಗಿ ಮ್ಯಾಲಿಂದ ದಿನಾ ಕಾಣತೈತಿ. ಕಂಡೂ ನಾ ಕೇಳಿದ್ದಿಲ್ಲ. ಹಡೆದ ಮಗಳ ಸಲುವಾಗಿ ಒಂದ ಸಲ ಕೇಳೀನಿ.”

ಮದ್ದು ಎನ್ನುವ ಮಾತನ್ನು ಬಿಡಿಸಿ ಹೇಳಿದರೂ ನೀರು ಅಲ್ಲೇ ಇತ್ತು. ಅಲ್ಲಿಯವರೆಗೆ ನಾನು ತಪ್ಪು ಅರ್ಥವಾದವಳಾಗಿದ್ದೆ, ಅದರಲ್ಲಿ ಒಂದು ಸಮಾಧಾನವಿತ್ತು. ಈಗ ಸರಿಯಾಗಿಯೇ ಅರ್ಥವಾದವಳಾಗಿದ್ದೆ. ಕೊಡ ಕೆಳಗಿಟ್ಟೆ. ಒದ್ದೆ ಸೆರಗನ್ನು ಹಿಂಡುತ್ತ ನಿಂತೆ. ಮಲ್ಲಮ್ಮ ನನ್ನ ಕೊಡವನ್ನು ಒಳಗೆ ಎಳೆದುಕೊಂಡಳು. ಮೊದಲು ತನ್ನ ಕೈಗೆ ಸುರಿದುಕೊಂಡಳು, ಮೂಸಿದಳು, ಆಮೇಲೆ ಒಲೆಯ ಮೇಲಿನ ಹಂಡೆಗೆ ಹೊಯ್ದಳು.

ಆ ದಿನದಿಂದ ಹಿತ್ತಲ ಬಾಗಿಲು ತೆರೆದೇ ಇಟ್ಟೆ. ಮೊದಲು ಯಾರೂ ಬರಲಿಲ್ಲ. ರೇಣುಕಾಳ ಮಗುವಿಗೆ ಏನೂ ಆಗಲಿಲ್ಲ ಎಂದು ನೋಡಿದ ಮೇಲೆ ಒಬ್ಬೊಬ್ಬರೇ ಬಂದರು, ಚಪ್ಪಲಿ ಹೊರಗೆ ಬಿಟ್ಟು. ಅದು ಗುಡಿಯಲ್ಲ, ಹಾಕಿಕೊಂಡೇ ಬನ್ನಿ ಎಂದು ಹೇಳಬೇಕೆನಿಸಿತು. ಮತ್ತೇನು ತಪ್ಪು ಅರ್ಥವಾದೀತೋ ಎಂದು ಸುಮ್ಮನಾದೆ. ಕುಡಿಯಲು ಅಲ್ಲ, ಮೈಗೆ, ಬಟ್ಟೆಗೆ, ದನಕ್ಕೆ ಎಂದು ಮಲ್ಲಮ್ಮನೇ ಎಲ್ಲರಿಗೂ ಹೇಳುತ್ತಿದ್ದಳು. ನೀರು ದಿನೇ ದಿನೇ ಇಳಿಯಿತು. ಅಣ್ಣನ ಮಾತು ನೆನಪಿತ್ತು. ಇವರೂ ನೆನಪಿಸಿದರು, “ಇನ್ನು ಸಾಕು ಅನ್ನು. ಗೋಡೆ ಹೋಗುತ್ತದೆ.” ನಾನು ಬಾಗಿಲಿಗೆ ಹೋದೆ. ಸಾಕು ಎನ್ನುವುದಕ್ಕೆ ಈ ಊರಿನ ಕನ್ನಡದಲ್ಲಿ ಯಾವ ಶಬ್ದ ಎಂದು ಹುಡುಕಿದೆ. ಸಿಗಲಿಲ್ಲ ಎನ್ನುವುದು ನೆಪ. ಇಲ್ಲೂ ಅದು ಸಾಕು ಎಂದೇ.

ಒಂದು ಮಧ್ಯಾಹ್ನ ಮರ ಸೀಳಿದಂಥ ಸದ್ದಾಯಿತು. ಹೋಗಿ ನೋಡಿದರೆ ಆಳದ ಕಡೆಯ ಗೋಡೆಯಲ್ಲಿ ಬಿರುಕು, ನೀಲಿ ಬಿಲ್ಲೆಗಳು ಉದುರಿ ಅಡಿಯ ಕೆಸರಿನಲ್ಲಿ ಬಿದ್ದಿದ್ದವು. ಇವರು ಸಂಜೆ ಬಂದು ನೋಡಿ ಕೈಕಾಲು ತೊಳೆಯಲು ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಬೀದಿಯವರು ಮತ್ತೆ ಮಾತಾಡಿದರು, ಮಜ್ಜಿಗೆ ಮತ್ತೆ ಬಂತು, ರೊಟ್ಟಿ ತಟ್ಟಲು ಮಲ್ಲಮ್ಮ ನನ್ನ ಕೈ ಹಿಡಿದು ಕಲಿಸಿದಳು. ಮಳೆಗಾಲದಲ್ಲಿ ಕಾಲುವೆ ಬಂದಾಗ ಬಿರುಕು ಮುಚ್ಚಿಸಿ ಒಳಗೆಲ್ಲ ಸಿಮೆಂಟು ಬಳಿಸಿದೆವು. ಈಗ ಅದು ಮೇಲೆ ಕಲ್ಲುಚಪ್ಪಡಿ ಹಾಸಿದ ತೊಟ್ಟಿ. ಬೀದಿಯ ಕಡೆಗೊಂದು ನಲ್ಲಿ ಇಟ್ಟಿದ್ದೇವೆ. ಒಳ್ಳೆಯದಾಯಿತು ಎಂದು ಎಲ್ಲರೂ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಆದರೆ ಬೆಳಗಿನ ಹೊತ್ತು ಆ ಚಪ್ಪಡಿಯ ಮೇಲೆ ನಡೆಯುವಾಗ ಅಡಿಯಲ್ಲಿ ನೀರಿದೆ, ನನಗೆ ಇಳಿಯಲಾಗದು ಎಂದು ನೆನೆದು ನಿಲ್ಲುತ್ತೇನೆ. ಬಾಣಂತಿಗೆ ಎರೆಯಲು ನೀರಿಲ್ಲದ ಬೀದಿಯಲ್ಲಿ ನನಗೆ ಈಜು ತಪ್ಪಿದ ದುಃಖವಿದೆ ಎನ್ನುವುದು ಮತ್ತೊಂದು ನಾಚಿಕೆ. ಅದನ್ನು ಮಲ್ಲಮ್ಮನಿಗೆ ಹೇಳುವಂತಿಲ್ಲ.

ಕಳೆದ ಸಲ ಬಸ್ರೂರಿನ ತವರಿಗೆ ಹೋದಾಗ ಮಳೆ ಜೋರಿತ್ತು. ಅಂಗಳದಲ್ಲಿ ನೀರು, ಬಾವಿಯಲ್ಲಿ ಕೈಗೆಟಕುವಷ್ಟು ನೀರು, ಹೊಳೆ ತೋಟದ ಅಂಚಿಗೆ ಬಂದಿತ್ತು. ಅತ್ತಿಗೆ ಪಾತ್ರೆ ತೊಳೆಯುತ್ತ ನಲ್ಲಿಯನ್ನು ಸುರಿಯಲು ಬಿಟ್ಟು ಒಳಗೆ ಹೋದಳು. ನಾನು ಎದ್ದು ಹೋಗಿ ನಿಲ್ಲಿಸಿದೆ. ಅವಳು ಬಂದು ಮತ್ತೆ ತಿರುಗಿಸಿದಳು. ನಾನು ಮತ್ತೆ ನಿಲ್ಲಿಸಿದೆ. ಅವಳು ನಕ್ಕಳು, ನನಗೆ ನಗು ಬರಲಿಲ್ಲ. ನಾನು ಹೋದದ್ದೇ ಹೊಳೆಯಲ್ಲಿ ಈಜಲೆಂದು, ಆದರೆ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತು ಎದ್ದುಬಂದೆ.

ಹೊರಡುವ ಹಿಂದಿನ ದಿನ ಅಮ್ಮ ಹಪ್ಪಳ ಕಟ್ಟಿಕೊಡುತ್ತ, ಇನ್ನೂ ನಾಲ್ಕು ದಿನ ಇದ್ದು ಹೋಗು ಎಂದಳು.

“ಆಗುವುದಿಲ್ಲಮ್ಮ. ನಮ್ಮೂರಲ್ಲಿ ಕಾಲುವೆ ಬಿಡುತ್ತಾರೆ, ತೊಟ್ಟಿ ತೊಳೆಸಬೇಕು” ಎಂದೆ.

ಅಮ್ಮನ ಕೈ ನಿಂತಿತು. “ಯಾವ್ ನಮ್ಮೂರ್, ಹೆಣೆ?” ಎಂದು ಕೇಳಿದಳು.

ಬೇಕೆಂದು ಆಡಿದ ಮಾತಲ್ಲ ಅದು, ತಾನಾಗಿ ಬಂದಿತ್ತು. ಸಿಂಧನೂರಿನಲ್ಲಿ ನನ್ನನ್ನು ಈಗಲೂ ಸಮುದ್ರದ ಕಡೆಯ ಅಕ್ಕಾರು ಎಂದೇ ಕರೆಯುತ್ತಾರೆ. ಅದನ್ನು ಹೇಳಿದ್ದರೆ ಅಮ್ಮನಿಗೆ ಸಮಾಧಾನವಾಗುತ್ತಿತ್ತೇನೋ. ಅಮ್ಮ ದಾರವನ್ನು ಇನ್ನೊಂದು ಸುತ್ತು ಸುತ್ತಿ, ಗಂಟು ಹಾಕಿ, ಕಟ್ಟನ್ನು ನನ್ನ ಕಡೆ ಸರಿಸಿದಳು, ನೆಂಟರಿಗೆ ಕೊಡುವಂತೆ.